ರೇಷ್ಮೆ ಸೀರೆಯ ಪಕ್ಕದ ಕೋವಿ

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಗಂಡನಿಗಿಂತ ಮೊದಲು ಎಬ್ಬಿಸಬೇಕಾದದ್ದು ಕೊಬ್ಬರಿ ಎಣ್ಣೆಯನ್ನು. ಕಬಿನಿಯ ಕಡೆಯಿಂದ ಬಂದ ಮಂಜು ಬೆಳಗಿನ ತನಕ ಮನೆಯ ಸುತ್ತ ಕೂತೇ ಇರುತ್ತದೆ. ಅಡುಗೆಮನೆಗೆ ಕಾಲಿಟ್ಟರೆ ಬಾಟಲಿಯೊಳಗಿನ ಎಣ್ಣೆ ಬೆಳ್ಳಗೆ ಮೇಣದ ಹಾಗೆ ಬಿಗಿದುಕೊಂಡು, ಇನ್ನೊಂದು ಗಳಿಗೆ ಮಲಗಲು ಬಿಡಿ ಎನ್ನುವ ಮುಖ ಮಾಡಿಕೊಂಡಿರುತ್ತದೆ. ಒಲೆ ಹಚ್ಚಿ, ಅದರ ಪಕ್ಕಕ್ಕೆ ಬಾಟಲಿಯನ್ನು ನಿಲ್ಲಿಸಿ, ಮಾವನವರ ಕಪ್ಪು ಕಾಫಿಗೆ ಬೆಲ್ಲ ಹಾಕಿ, ಕೋಳಿಗೂಡಿನ ಬಾಗಿಲು ತೆಗೆದು ಬರುವಷ್ಟರಲ್ಲಿ ಅದು ಅಂಚಿನಿಂದ ಮೆಲ್ಲಗೆ ಸಡಿಲಾಗಿರುತ್ತದೆ. ಗಂಡನನ್ನು ಒಲೆಯ ಪಕ್ಕ ನಿಲ್ಲಿಸಿದರೂ ಅಷ್ಟು ಬೇಗ ಸಡಿಲಾಗುವುದಿಲ್ಲ.

ಆವತ್ತು ಕಾಫಿಯ ಲೋಟ ಹಿಡಿದು ಜಗಲಿಗೆ ಹೋದೆ. ಮಾವನವರು ಕೆಳಗೆ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಹಳೆಯ ಬೇಟೆ ರೈಫಲ್ಲನ್ನು ಇಟ್ಟುಕೊಂಡು, ಅದರ ಬೋಲ್ಟಿನ, ಅಂದರೆ ತೋಟಾ ತುಂಬಲು ಎಳೆಯುವ ಅಗುಳಿಯ, ಹಿಡಿಯನ್ನು ಮೇಲಕ್ಕೆತ್ತಲು ಹೋರಾಡುತ್ತಿದ್ದರು. ನಳಿಗೆಯ ಬಾಯಿ ಅಂಗಳದಾಚೆಯ ಮಣ್ಣು ದಿಣ್ಣೆಯ ಕಡೆಗಿತ್ತು. ಒಳಗೆ ತೋಟಾ ಇಲ್ಲವೆಂದು ಗೊತ್ತಿದ್ದರೂ ಕೋವಿಯ ಮುಂದೆ ಕೋಳಿಯೂ ಹಾಯಬಾರದು ಎನ್ನುವುದು ಅವರ ಕಟ್ಟುನಿಟ್ಟು. ಹಾಯಬಾರದೆಂದು ಕೋಳಿಗಳಿಗೆ ಹೇಳುವ ಕೆಲಸ ಮಾತ್ರ ನನ್ನದು.

“ಏನಾಯ್ತು ಮಾವ?”

“ಹಿಡ್ಕೊಂಡ್ಬುಟ್ಟದೆ ಕಣವ್ವ. ಇವತ್ತೇ ಹಿಡ್ಕೋಬೇಕಾ ಇದು?”

ಹೌದು, ಇವತ್ತೇ. ಆವತ್ತು ಮಧ್ಯಾಹ್ನ ಕೋವಿಯನ್ನು ಪೇಟೆಗೆ ಒಯ್ದು ತೋರಿಸಬೇಕಿತ್ತು. ಲೈಸೆನ್ಸ್ ಮುಂದುವರಿಯಬೇಕಾದರೆ ಅಧಿಕಾರಿ ಬೋಲ್ಟು ಎಳೆದು, ನಳಿಗೆಯೊಳಗೆ ಇಣುಕಿ, ಇದು ಕೋವಿಯೇ, ಬರೀ ಕಬ್ಬಿಣವಲ್ಲ ಎಂದು ಒಪ್ಪಬೇಕು. ನಮ್ಮ ಯಜಮಾನರು ಹಿಂದಿನ ದಿನವೇ ತೀರ್ಪು ಕೊಟ್ಟಾಗಿತ್ತು: “ಅಪ್ಪಾ, ಈ ಸಲ ಅವರ ಮುಂದೆ ಅದು ಕೆಲಸ ಮಾಡ್ಲಿಲ್ಲ ಅಂದ್ರೆ ಅಲ್ಲೇ ಒಪ್ಪಿಸಿ ಕೈ ತೊಳ್ಕೊಂಡು ಬರೋದು. ಹಾರಿಸದೇ ಇರೋ ಕೋವಿಗೆ ವರ್ಷಾನುಗಟ್ಟಲೆ ಯಾಕೆ ಈ ಉಪಚಾರ?”

ಮಾವನವರು ಆಗ ಎದ್ದು ಹೋಗಿ, ಆಗಲೇ ಹಾಕಿದ್ದ ಕೋಳಿಗೂಡಿನ ಬಾಗಿಲನ್ನು ಇನ್ನೊಮ್ಮೆ ಹಾಕಿ ಬಂದಿದ್ದರು. 

ಕೋವಿಯ ವಿಷಯ ನಿಮಗೆ ಸ್ವಲ್ಪ ಹೇಳಬೇಕು. ನಮ್ಮ ಮಾವನವರ ಅಪ್ಪ ಕೋಟೆ ಕಡೆಯಿಂದ ಹೊಳೆ ದಾಟಿ ಕೇರಳದ ಈ ದಡಕ್ಕೆ ಬಂದಾಗ ಜೊತೆಯಲ್ಲಿ ತಂದದ್ದು ಹೆಂಡತಿ, ಒಂದು ಜೊತೆ ಎತ್ತು ಮತ್ತು ಈ ರೈಫಲ್ಲು. ದೋಣಿಯಲ್ಲಿ ಮೂರಕ್ಕೂ ಜಾಗವಿರಲಿಲ್ಲವಂತೆ. ಎತ್ತುಗಳು ಈಜಿದವು. ಆ ಹೆಂಡತಿ, ಅಂದರೆ ನಮ್ಮ ಅಜ್ಜಿ, ಹೇಳುತ್ತಿದ್ದ ಪ್ರಕಾರ, ತಮಗೂ ಈಜು ಎನ್ನುವ ಯೋಚನೆ ಗಂಡನಿಗೆ ಬಂದಿತ್ತು, ಕೋವಿಯನ್ನು ಮಾತ್ರ ತಲೆಯ ಮೇಲೆ ಹೊತ್ತಿದ್ದರು. ಬೇಟೆಯ ಕಾಲ ಮುಗಿದ ಮೇಲೆ ಅದು ಬೆಳೆ ಕಾಯುವ ಕೋವಿಯಾಯಿತು. ಮಾವನವರ ಕೈಗೆ ಬಂದ ಮೇಲೆ ಅದು ಕೆಡವಿದ ಪ್ರಾಣಿ ಒಂದೂ ಇಲ್ಲ. ಒಮ್ಮೆ ಹಂದಿಗೆ ಗುರಿಯಿಟ್ಟು ಹೊಡೆದಾಗ ಹಲಸಿನ ಮರದ ಕೊಂಬೆಯೊಂದು ಬಿತ್ತು. ಆ ಕಥೆಯಲ್ಲಿ ಹಂದಿ ವರ್ಷ ವರ್ಷ ಬೆಳೆಯುತ್ತಿದೆ. ನಾನು ಮದುವೆಯಾಗಿ ಬಂದಾಗ ಕರುವಿನಷ್ಟಿದ್ದದ್ದು ಈಗ ಹೆಚ್ಚು ಕಡಿಮೆ ಎಮ್ಮೆಯಾಗಿದೆ. ಕೊಂಬೆ ಮಾತ್ರ ಅಷ್ಟೇ ಇದೆ.

ಆದರೂ ಈ ಸುತ್ತಿನಲ್ಲಿ ಮಾವನವರ ಹೆಸರು ಕೋವಿ ಅಜ್ಜ. ಕೆಳಗಿನ ಮನೆಯಲ್ಲಿ ರೇಡಿಯೋ ಅಜ್ಜ ಇದ್ದಾರೆ, ತಿರುವಿನಲ್ಲಿ ಜೇನು ಅಜ್ಜ. ರೇಡಿಯೋ ಕೆಟ್ಟು ಯಾವುದೋ ಕಾಲವಾಯಿತು. ಈಗ ಜನ ಅವರನ್ನು ಬರೀ ಅಜ್ಜ ಎನ್ನುತ್ತಾರೆ, ಕರೆದಾಗ ಅವರಿಗೆ ತಮ್ಮನ್ನೇ ಕರೆದದ್ದೆಂದು ಗೊತ್ತಾಗುವುದೂ ಇಲ್ಲ. ಅದನ್ನು ನೋಡಿದ್ದರಿಂದಲೇ ಏನೋ, ಬೋಲ್ಟಿನ ಮೇಲಿದ್ದ ಮಾವನವರ ಹೆಬ್ಬೆರಳು ಬೆಳ್ಳಗಾಗಿದ್ದು ಕಂಡು ನನಗೆ ಕಾಫಿ ಕೊಡುವುದೇ ಮರೆತುಹೋಯಿತು.

ಕೋವಿ ಇರುವುದೆಲ್ಲಿ ಗೊತ್ತೇ? ನನ್ನ ಬೀರುವಿನಲ್ಲಿ. ಮನೆಯಲ್ಲಿ ಗಟ್ಟಿ ಬೀಗವಿರುವ ಕಪಾಟು ಅದೊಂದೇ. ಹಾಗಾಗಿ ನನ್ನ ಮದುವೆಯ ರೇಷ್ಮೆ ಸೀರೆಗಳ ಪಕ್ಕದಲ್ಲಿ, ಹಳೆಯ ಹತ್ತಿ ಲಂಗವೊಂದನ್ನು ಸುತ್ತಿಕೊಂಡು ಅದು ನಿಂತಿರುತ್ತದೆ. ಮೊದಮೊದಲು ಸೀರೆ ತೆಗೆಯಲು ಹೋದಾಗಲೆಲ್ಲ ನಾನು ಅದಕ್ಕೆ ‘ಎಕ್ಸ್‌ಕ್ಯೂಸ್ ಮಿ’ ಎನ್ನುತ್ತಿದ್ದೆ. ನಗಬೇಡಿ. ಮೈಸೂರಿನ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವರು ಬಾಗಿಲಿಗೆ ತಗುಲಿದರೂ ‘ಸಾರಿ’ ಹೇಳುತ್ತಾರೆ. ನುಸಿಗುಳಿಗೆಯ ವಾಸನೆ ಈಗ ಇಬ್ಬರಿಗೂ ಹಿಡಿದಿದೆ, ನನ್ನ ಸೀರೆಗೂ ಕೋವಿಗೂ.

ಅಷ್ಟರಲ್ಲಿ ಯಜಮಾನರು ಹಲ್ಲುಜ್ಜುತ್ತ ಹೊರಗೆ ಬಂದರು. ಬ್ರಷ್ಷು ಬಾಯಲ್ಲಿದ್ದುಕೊಂಡೇ ತಪಾಸಣೆ ಶುರುವಾಯಿತು.

“ಸ್ಪ್ರಿಂಗ್ ಹೋಗಿದೆ.”

“ಸ್ಪ್ರಿಂಗ್ ಹೋದ್ರೆ ಹಿಡಿ ಯಾಕ್ಲಾ ಬಿಗಿಯಾಗ್ತದೆ?” ಎಂದರು ಮಾವ.

“ಹಂಗಾದ್ರೆ ತುಕ್ಕು.”

“ನಾನಿರೋವಾಗ ತುಕ್ಕಾ? ನೋಡು, ಮುಖ ಕಾಣ್ತದೆ.”

ಮುಖ ಕಾಣುತ್ತಿತ್ತು ನಿಜ. ಯಜಮಾನರು ಬಗ್ಗಿ ನೋಡಿ, ಮೀಸೆಯ ಮೇಲಿದ್ದ ಪೇಸ್ಟನ್ನು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ ಮರದ ಕೊಡತಿ ತಂದರು. ಗಂಡಸರ ರಿಪೇರಿಯಲ್ಲಿ ಯೋಚನೆಗೂ ಕೊಡತಿಗೂ ನಡುವೆ ಹೆಚ್ಚು ಹೊತ್ತು ಇರುವುದಿಲ್ಲ. ಮಿಕ್ಸಿ ನಿಂತಾಗಲೂ ಹೀಗೇ ಆಗಿತ್ತು.

“ಹೊಡೆದ್ರೆ ನನ್ನ ಕೈಗೆ ಹೊಡಿ,” ಎಂದು ಮಾವನವರು ಹಿಡಿಯ ಮೇಲೆ ಅಂಗೈ ಮುಚ್ಚಿದರು.

ಬೇಲಿಯಾಚೆಯಿಂದ ಅನ್ನಮ್ಮ ಚೇಚ್ಚಿ ಇದನ್ನೆಲ್ಲ ನೋಡುತ್ತಿದ್ದರು. ಪಕ್ಕದ ಮನೆಯವರು, ಚೇಚ್ಚಿ ಎಂದರೆ ಇಲ್ಲಿ ಅಕ್ಕ. ಶುಂಠಿ ಬೆಳೆಯಲು ಗಂಡನ ಜೊತೆ ಗಡಿಯಾಚೆ ಬಹಳ ಕಾಲ ಇದ್ದು ಕನ್ನಡ ಕಲಿತವರು. ಮಲಯಾಳದ ಚಟ್ನಿ ಹಚ್ಚಿದ ಅವರ ಕನ್ನಡ ನನ್ನ ಕಾನ್ವೆಂಟ್ ಕನ್ನಡಕ್ಕಿಂತ ರುಚಿ. “ಎಂತ ಅಜ್ಜ, ತೋಕ್ಕಿಗೆ ಜ್ವರವಾ?” ಎಂದರು. ತೋಕ್ಕು ಎಂದರೆ ಅವರ ಬಾಯಲ್ಲಿ ಕೋವಿ.

“ಚಳಿಗೆ ಮುರುಟ್ಕೊಂಡದೆ,” ಎಂದರು ಮಾವ.

“ನನ್ನ ಮಂಡಿ ಹಾಗೆ. ಬಿಸಿಲಿಗೆ ಇಡಿ, ಶರಿಯಾಗ್ತದೆ.” ಅಷ್ಟು ಹೇಳಿ ಚೇಚ್ಚಿ ನನ್ನ ಕಡೆ ತಿರುಗಿದರು. “ಮೋಳೇ, ನಿನ್ನೆ ಸಹ ಹಂದಿ ಬಂದು ನಮ್ಮ ಕಪ್ಪ ಅಷ್ಟೂ ಮಗುಚಿ ಹಾಕ್ತು. ನಿಮ್ಮದು ಮಾತ್ರ ಮುಟ್ಟೋದಿಲ್ಲ. ಎಂತ ಮಂತ್ರ?”

ಮೋಳೇ ಎಂದರೆ ಮಗಳೇ, ಕಪ್ಪ ಎಂದರೆ ಮರಗೆಣಸು. ಚೇಚ್ಚಿ ಕೇಳಿದ ಪ್ರಶ್ನೆ ನಮ್ಮ ಮನೆಯ ಬಹು ದಿನದ ವ್ಯಾಜ್ಯ. ಮಾವನವರ ವಾದ: ಕೋವಿ ಮನೆಯಲ್ಲಿದೆ ಎಂದು ಹಂದಿಗೆ ಗೊತ್ತು, ಹಾರಿಸಬೇಕೆಂದೇನಿಲ್ಲ. ಯಜಮಾನರ ವಾದ: ಗೆಣಸಿನ ಹೊಲದ ಸುತ್ತ ಗೂಟ ನೆಟ್ಟು ನನ್ನ ಹಳೆಯ ಸೀರೆಗಳನ್ನು ಕಟ್ಟಿದ್ದೇವಲ್ಲ, ಗಾಳಿಗೆ ಅವು ಪಟಪಟ ಎಂದಾಗ ಹಂದಿ ಹೆದರುತ್ತದೆ. ನಾನು ಯಾರ ಪಕ್ಷವೆಂದು ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಒಳಗೊಳಗೇ ನನ್ನ ಓಟು ಸೀರೆಗೇ ಇತ್ತು ಎಂದು ನಿಮ್ಮ ಹತ್ತಿರ ಹೇಳಬಹುದು. ಅದರಲ್ಲೂ ಮೂಲೆಯಲ್ಲಿ ಕಟ್ಟಿದ ಹಸಿರು ಜಾರ್ಜೆಟ್ಟು. ನಾದಿನಿಯ ಮದುವೆಗೆ ಅದನ್ನುಟ್ಟು ಹೋದಾಗ ಯಾರೂ ತಿರುಗಿ ನೋಡಿರಲಿಲ್ಲ. ಹಂದಿಗಳಾದರೂ ಗಮನಿಸುತ್ತಿವೆ ಎನ್ನುವುದು ಸಣ್ಣ ಸಮಾಧಾನವೇ.

“ಕೋವಿ ಕಣಮ್ಮ, ಕೋವಿ,” ಎಂದರು ಮಾವ.

“ಸೀರೆ ಚೇಚ್ಚಿ, ಇವಳ ಸೀರೆ,” ಎಂದರು ಯಜಮಾನರು.

ಚೇಚ್ಚಿ ಎರಡೂ ಕಡೆಗೆ ತಲೆಯಾಡಿಸಿ ಹಸುವಿನ ಕಡೆ ಹೋದರು.

ಬಿಸಿಲು ಅಂಗಳಕ್ಕೆ ಇಳಿದಾಗ ಮಾವನವರು ಚಾಪೆಯ ಸಮೇತ ಅಲ್ಲಿಗೆ ಸರಿದರು. ಕಾಫಿ ಬೀಜ ಒಣಹಾಕಿದ್ದರ ಪಕ್ಕ ಕೋವಿಯೂ ಒಣಗಲು ಬಿತ್ತು. ನಾನು ಎಣ್ಣೆ ಬಾಟಲಿಯನ್ನು ತಂದು ಕಟ್ಟೆಯ ಮೇಲಿಟ್ಟು, ಅಂದಿನ ಶೃಂಗಾರಕ್ಕೆ ಕೂತೆ. ತಲೆ ಬಾಚಿ ಹೆಣೆಯುವಷ್ಟರಲ್ಲಿ ‘ಖಟಕ್’ ಎಂದು ಸದ್ದು. ಬೋಲ್ಟಿನ ಹಿಡಿ ಮೇಲೆದ್ದು, ಹಿಂದಕ್ಕೆ ಸರಿದು ಬಂದಿತ್ತು. ಮಾವನವರು ಮೊದಲು ಕಿರುಬೆರಳು ಹಾಕಿ ತೋಟಾ ಇರುವ ಜಾಗ ಖಾಲಿಯೆಂದು ನೋಡಿಕೊಂಡರು, ಆಮೇಲೆ ನಗು ಬಂತು. ಯಜಮಾನರು ತಾವು ಕೊಡತಿ ತೋರಿಸಿದ್ದಕ್ಕೇ ಅದು ಹೆದರಿತೆಂದರು.

ಖುಷಿಯಲ್ಲಿ ಎಲ್ಲರೂ ಒಳಗೆ ತಿಂಡಿಗೆ ಹೋದೆವು. ಕೋವಿಯನ್ನು ನಡುಮನೆಯ ತಣ್ಣನೆಯ ನೆಲದ ಮೇಲಿಟ್ಟರು. ಪುಟ್ಟು ಕಡಲೆ ತಿಂದು ಎದ್ದು ನೋಡಿದರೆ ಹಿಡಿ ಮತ್ತೆ ಬಿಗಿ!

ಮಾವನವರು ಗೋಡೆಗೊರಗಿ ಕೂತರು. “ಬುಡು,” ಎಂದರು. “ಅದಕ್ಕೂ ವಯಸ್ಸಾಯ್ತು.”

ನನ್ನ ಕಣ್ಣು ಹೋದದ್ದು ಎಣ್ಣೆ ಬಾಟಲಿಯ ಕಡೆಗೆ. ಬಿಸಿಲಿನಿಂದ ತಂದು ಕಿಟಕಿಯ ನೆರಳಿನಲ್ಲಿಟ್ಟಿದ್ದೆ. ತಳದಲ್ಲಿ ಆಗಲೇ ಬಿಳಿಯ ಮೋಡ ಕಟ್ಟುತ್ತಿತ್ತು.

ಅದನ್ನು ನೋಡಿದಾಗ ನೆನಪಾದದ್ದು ಸಿಸ್ಟರ್ ಬೆನಿಟಾ. ಹೊಲಿಗೆ ಕ್ಲಾಸಿನ ಸಿಸ್ಟರ್. ಮೂಗಿನ ತುದಿಯಲ್ಲಿ ಕನ್ನಡಕ, ಕೊರಳಲ್ಲಿ ಶಿಲುಬೆಯ ಜೊತೆಗೊಂದು ಪುಟ್ಟ ಕತ್ತರಿ. ನಮ್ಮ ಹಾಸ್ಟೆಲಿನಲ್ಲಿ ಕೇರಳದ ಕಡೆಯ ಹುಡುಗಿಯರೇ ಹೆಚ್ಚು. ರಜೆ ಮುಗಿಸಿ ಬರುವಾಗ ಪ್ರತಿಯೊಬ್ಬಳ ಟ್ರಂಕಿನಲ್ಲೂ ಬಾಟಲಿ ಕೊಬ್ಬರಿ ಎಣ್ಣೆ. ನಮ್ಮ ಜಡೆಗಳು ಯೂನಿಫಾರಂ ಕಾಲರಿನ ಮೇಲೆ ಬರೆದ ಎಣ್ಣೆಯ ನಕ್ಷೆಗಳನ್ನು ನೋಡಿ ಮದರ್ ನಿಟ್ಟುಸಿರು ಬಿಡುತ್ತಿದ್ದರು. ಒಂದು ಚಳಿಗಾಲ ತುಳಿಯುವ ಹೊಲಿಗೆ ಯಂತ್ರ ನಿಂತುಹೋಯಿತು. ಬೆಳಗ್ಗೆ ಚಕ್ರ ಅಲುಗುವುದಿಲ್ಲ, ಮಧ್ಯಾಹ್ನದ ಹೊತ್ತಿಗೆ ಸರಾಗ. ಅದಕ್ಕೆ ದೆವ್ವ ಹಿಡಿದಿದೆಯೆಂದು ಕಿರಿಯ ಹುಡುಗಿಯರು ದೂರದಿಂದ ಶಿಲುಬೆಯ ಗುರುತು ಮಾಡಿ ಓಡುತ್ತಿದ್ದರು. ನನ್ನ ಬೆರಳು ಸಣ್ಣವೆಂದು ಯಂತ್ರದ ಹೊಟ್ಟೆಯೊಳಗೆ ಕೈ ಹಾಕುವ ಗೌರವ ನನಗೆ ಸಿಕ್ಕಿತು. ಬೆರಳಿಗೆ ಹತ್ತಿದ ಬಿಳಿಯ ಮುದ್ದೆಯನ್ನು ಸಿಸ್ಟರ್ ಮೂಸಿ ನೋಡಿ, ಇಡೀ ಕ್ಲಾಸಿಗೆ ಕೇಳುವಂತೆ ಅಂದಿದ್ದರು: “ಯಂತ್ರಕ್ಕೆ ಜಡೆ ಎಲ್ಲಿದೆ ಮಕ್ಕಳೇ? ನನಗೂ ತೋರಿಸಿ, ರಿಬ್ಬನ್ ಕಟ್ಟುತ್ತೇನೆ.”

ನಾನು ಮಾವನವರ ಎದುರು ಕೂತು ಮೆತ್ತಗೆ ಕೇಳಿದೆ. “ಮಾವ, ಕೋವಿಗೆ ಯಾವ ಎಣ್ಣೆ ಹಾಕ್ತೀರಿ?”

“ಒಳ್ಳೇ ಎಣ್ಣೆನೇ ಕಣವ್ವ. ಆಯುಧ ಪೂಜೆ ದಿನ ಗಾಣದ ಕೊಬ್ರಿ ಎಣ್ಣೆ. ನಿಮ್ಮತ್ತೆ ಇರೋವಾಗಿಂದ್ಲೂ ಅದೇ. ಬೇರೆದು ಯಾರಿಗೆ ಬೇಕು?”

ಆಯುಧ ಪೂಜೆಯ ದಿನ ನಮ್ಮ ಜಗಲಿಯನ್ನು ನೀವು ನೋಡಬೇಕು. ಕುಡುಗೋಲು, ಮಚ್ಚು, ಔಷಧಿ ಹೊಡೆಯುವ ಯಂತ್ರ, ನನ್ನ ಮಿಕ್ಸಿ, ತುರಿಯುವ ಮಣೆ, ಎಲ್ಲ ಸಾಲಾಗಿ ಕೂತಿರುತ್ತವೆ, ನಡುವೆ ಮದುಮಗನ ಹಾಗೆ ಕೋವಿ. ಎಲ್ಲಕ್ಕೂ ಎಣ್ಣೆ, ವಿಭೂತಿ, ಕುಂಕುಮ, ಅಕ್ಷತೆ, ಚೆಂಡುಹೂವು. ಕುಡುಗೋಲನ್ನು ಮರುದಿನವೇ ಹುಲ್ಲಿಗೆ ಒಯ್ಯುತ್ತಾರೆ, ಮಿಕ್ಸಿಯನ್ನು ನಾನು ಒರೆಸುತ್ತೇನೆ. ಕೋವಿಯ ಪೂಜೆಯನ್ನು ಮಾತ್ರ ಯಾರೂ ಒರೆಸುವುದಿಲ್ಲ. ಅದು ಕುಂಕುಮದ ಸಮೇತ ಲಂಗ ಸುತ್ತಿಕೊಂಡು ಬೀರು ಸೇರುತ್ತದೆ.

“ಬೆಳಗ್ಗೆಯಿಂದ್ಲೂ ಸ್ವಲ್ಪ ಹಾಕ್ತಾನೇ ಇದೀನಿ, ಸಡಿಲಾಗ್ಲಿ ಅಂತ,” ಎಂದು ಮಾವನವರು ಜೇಬಿನಿಂದ ಸಣ್ಣ ಶೀಶೆ ತೆಗೆದರು.

ಯಜಮಾನರು ಕೆಮ್ಮಿದರು. “ಮಳೆಗಾಲದಲ್ಲಿ ನಾನೂ ಒಂಚೂರು ಬಿಟ್ಟಿದ್ದೆ.”

ಮಾವನವರು ಮಗನ ಕಡೆ ತಿರುಗಿದರು. “ನೀನಾ?”

“ತುಕ್ಕು ಹಿಡಿದ್ರೆ ನಾಳೆ ನೀವು ನನ್ನನ್ನೇ ಬೈತೀರಲ್ಲ, ಅದಕ್ಕೆ.”

ಒಪ್ಪಿಸಿ ಕೈ ತೊಳೆದುಕೊಳ್ಳಬೇಕೆನ್ನುವ ನಮ್ಮ ಯಜಮಾನರೇ, ಯಾರೂ ಇಲ್ಲದಾಗ, ಅದಕ್ಕೆ ಎಣ್ಣೆ ಹಚ್ಚುತ್ತಿದ್ದರು. ನಾನು ನಗು ಬಾರದಿರಲೆಂದು ಸೆರಗಿನ ಅಂಚಿನಲ್ಲಿ ನೂಲು ಹುಡುಕಿದೆ.

“ಇದು ಎಣ್ಣೆಯ ಕೆಲಸ,” ಎಂದೆ. “ಚಳಿಗೆ ಒಳಗೆ ಹೆಪ್ಪುಗಟ್ಟಿದೆ. ಕೆತ್ತಿ ತೆಗೆದು, ಸೀಮೆಎಣ್ಣೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಹಾಕಬೇಕು.”

“ಏನು, ಕಾನ್ವೆಂಟಲ್ಲಿ ಕೋವಿ ಪಾಠನೂ ಇತ್ತಾ? ಸಿಸ್ಟರುಗಳ ಹತ್ರ ಎಷ್ಟು ರೈಫಲ್ ಇತ್ತು?” ಎಂದರು ಯಜಮಾನರು.

ಮಾವನವರು ಮಾತ್ರ ನಗಲಿಲ್ಲ. ಕೋವಿಯನ್ನು ಮತ್ತೆ ಬಿಸಿಲಿಗೆ ಒಯ್ದು, ಸಡಿಲಾದ ಕೂಡಲೇ ಬೋಲ್ಟನ್ನು ಪೂರ್ತಿ ಹೊರಗೆಳೆದು ನನ್ನ ಅಂಗೈ ಮೇಲಿಟ್ಟರು. ಮದುವೆಯಾದಾಗ ಅತ್ತೆ ಬೀರುವಿನ ಬೀಗದ ಕೈ ಕೊಟ್ಟದ್ದೂ ಇಷ್ಟೇ ಮೆಲ್ಲಗೆ.

ಹಳೆಯ ಹಲ್ಲುಜ್ಜುವ ಬ್ರಷ್ಷು, ಲಾಂದ್ರದ ಸೀಮೆಎಣ್ಣೆ, ಹರಿದ ಬನಿಯನ್ನು, ಸಂದಿಗಳಿಗೆ ನನ್ನ ಕ್ರೋಶಾ ಕಡ್ಡಿ. ಬೋಲ್ಟು ಓಡಾಡುವ ಕಾಲುವೆಯೊಳಗಿನಿಂದ ಏನೇನು ಹೊರಟಿತು ಕೇಳಿ: ಕುಂಕುಮ ಬೆರೆತು ಸ್ಟ್ರಾಬೆರಿ ಐಸ್‌ಕ್ರೀಮಿನ ಬಣ್ಣಕ್ಕೆ ತಿರುಗಿದ ಎಣ್ಣೆಯ ಮುದ್ದೆ, ವಿಭೂತಿಯ ಕೆಸರು, ಕಪ್ಪಾದ ಅಕ್ಷತೆ ಕಾಳು, ಚೆಂಡುಹೂವಿನ ಎಸಳು, ನನ್ನ ಮಾವಿನಚಿಗುರು ಬಣ್ಣದ ರೇಷ್ಮೆಯ ಒಂದೆಳೆ. ನಮ್ಮ ಮನೆಯ ಹಬ್ಬಗಳೆಲ್ಲ ಅದರೊಳಗೆ ಹೋಗಿ ಕೂತಿದ್ದವು. ದೇವರಿಗೇ ಗೊತ್ತಿರಲಿಕ್ಕಿಲ್ಲ, ಅಷ್ಟು ಭಕ್ತಿ. ಕೆತ್ತಿದೆ, ಒರೆಸಿದೆ, ಬೆಳಕಿಗೆ ಹಿಡಿದು ನೋಡಿದೆ, ಮತ್ತೆ ಒರೆಸಿದೆ. ಕೊನೆಗೆ ಯಂತ್ರದ ಎಣ್ಣೆಯ ಹನಿ ಹಾಕಿ, ಹೆಚ್ಚಾದದ್ದನ್ನು ಒಣ ಬಟ್ಟೆಯಲ್ಲಿ ತೆಗೆದೆ. ಒರೆಸಿದ ಮೇಲೂ ಹೊಳೆಯುತ್ತಿದ್ದರೆ ಎಣ್ಣೆ ಜಾಸ್ತಿಯಾಯಿತೆಂದು ಅರ್ಥ ಎನ್ನುತ್ತಿದ್ದರು ಸಿಸ್ಟರ್.

ಮಾವನವರು ಬೋಲ್ಟನ್ನು ಸೇರಿಸಿ ನಡುಮನೆಯ ನೆಲದ ಮೇಲಿಟ್ಟರು. ನಾವು ಮೂವರೂ ಮಗು ಏಳುವುದನ್ನು ಕಾಯುವವರ ಹಾಗೆ ಸುತ್ತ ಕೂತು, ಅದು ತಣ್ಣಗಾಗಲೆಂದು ಕಾದೆವು. ಆಮೇಲೆ ಅವರು ಎರಡೇ ಬೆರಳಿನಲ್ಲಿ ಹಿಡಿ ಎತ್ತಿದರು. ‘ಖಟಕ್’. ಹಿಂದಕ್ಕೆ, ಮುಂದಕ್ಕೆ. ಮತ್ತೊಮ್ಮೆ. ಮತ್ತೊಮ್ಮೆ. ಯಜಮಾನರು ‘ಸಾಕಪ್ಪ, ಸವೀತದೆ’ ಎನ್ನುವ ತನಕ.

ಪೇಟೆಗೆ ಹೊರಡುವಾಗ ಮಾವನವರು ಜೀಪಿನಿಂದ ಕರೆದರು. “ನೀನೂ ಬಾ ಮಗಾ. ದಾರೀಲಿ ಮತ್ತೆ ಹಿಡ್ಕೊಂಡ್ರೆ?” ಹೀಗೆ ನಾನು ಕೋವಿಯ ಮೆಕ್ಯಾನಿಕ್ ಆಗಿ, ಕೈಚೀಲದಲ್ಲಿ ಇಸ್ತ್ರಿ ಮಾಡಿದ ಕರವಸ್ತ್ರ, ಸೇಫ್ಟಿ ಪಿನ್ನು ಮತ್ತು ಹೊಲಿಗೆ ಎಣ್ಣೆಯ ಡಬ್ಬಿ ಇಟ್ಟುಕೊಂಡು ಹೊರಟೆ. ಮನೆಗೆ ಬೀಗ ಹಾಕಿ, ಕೀಲಿ ಅನ್ನಮ್ಮ ಚೇಚ್ಚಿಗೆ ಕೊಟ್ಟೆವು.

ಕಚೇರಿಯ ಕೋಣೆ ಬಾವಿಯೊಳಗಿನಷ್ಟು ತಣ್ಣಗಿತ್ತು. ಬೆಂಚಿನ ಮೇಲೆ ಇನ್ನೂ ಹಲವರು ತಮ್ಮ ತಮ್ಮ ಕೋವಿಗಳನ್ನು ಮೊಮ್ಮಕ್ಕಳಂತೆ ತೊಡೆಗೊರಗಿಸಿಕೊಂಡು ಕೂತಿದ್ದರು. ನಮ್ಮ ಸರದಿ ಬಂದಾಗ ಮಾವನವರು ಕೋವಿಗೆ ಸುತ್ತಿದ್ದ ಲಂಗ ಬಿಡಿಸಿ ಅದನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಹಿಡಿ ಎತ್ತಿ ಎಳೆದರು. ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ ಬಂತು. ಅವರು ಇನ್ನೊಮ್ಮೆ ಎಳೆದು, ನಳಿಗೆಯಲ್ಲಿ ಇಣುಕಿ, ಮೂಗು ಹತ್ತಿರ ತಂದು ಮೂಸಿದರು.

“ಇದೆಂತಾ, ಸಾರಿ ಕಡೆಯುಡೆ ಮಣಂ?” ಎಂದರು. ಸೀರೆ ಅಂಗಡಿಯ ವಾಸನೆ ಯಾಕೆ ಎಂದು.

ಮಾವನವರು ನನ್ನ ಕಡೆ ಕೈ ತೋರಿಸಿ, ತಮ್ಮ ಮಲಯಾಳದಲ್ಲಿ ಬಹಳ ಗಂಭೀರವಾಗಿ, ಇದು ನಮ್ಮ ಮನೆಯ ಮೆಕ್ಯಾನಿಕ್ಕು, ಅವಳ ಬೀರುವಿನಲ್ಲೇ ಇರುತ್ತದೆ ಎಂದರು. ಅಧಿಕಾರಿ ನನ್ನ ಕೈಚೀಲವನ್ನೂ ಕರವಸ್ತ್ರವನ್ನೂ ನೋಡಿ, ಬೆಳಗ್ಗೆಯಿಂದ ಬಂದ ಕೋವಿಗಳಲ್ಲಿ ಅಡುಗೆಮನೆಯ ಎಣ್ಣೆಯ ವಾಸನೆಯಿಲ್ಲದ್ದು ಇದೊಂದೇ ಎಂದು ಸಹಿ ಹಾಕಿದರು. ನಾನು ‘ಥ್ಯಾಂಕ್ಯೂ ಸರ್’ ಎಂದೆ. ಹೊರಗೆ ಬಂದ ಮೇಲೆ ಕೋವಿಗೂ ಹೇಳಬೇಕೆನಿಸಿತು, ಯಜಮಾನರು ಪಕ್ಕದಲ್ಲಿದ್ದರು, ಸುಮ್ಮನಾದೆ.

ಹಿಂತಿರುಗುವಾಗ ಜೀಪು ಪುಲ್ಪಳ್ಳಿ ಎಂಬ ಊರು ದಾಟಿದ ಮೇಲೆ ಯಜಮಾನರು ಶುರುಮಾಡಿದರು.

“ಅಪ್ಪಾ, ಆಯ್ತಲ್ಲ. ಇದೇ ಕೊನೇ ಸಲ. ಮುಂದಿನ ಸಲ ಒಪ್ಪಿಸ್ಬಿಡೋಣ. ನಿಮ್ಮ ಕೈಲಿ ಓಡಾಡಕ್ಕಾಗಲ್ಲ. ಇದರಿಂದ ಏನು ಪ್ರಯೋಜನ ಅಂತ ನೀವೇ ಹೇಳಿ.”

“ಮನೇಲಿದೆ ಅಂತ ಅದಕ್ಕೆ ಗೊತ್ತು,” ಎಂದರು ಮಾವ, ಕಿಟಕಿಯಾಚೆ ನೋಡುತ್ತ.

“ಯಾವುದಕ್ಕೆ? ಹಂದಿಗಾ? ಅದಕ್ಕೇನು ಲೈಸೆನ್ಸ್ ತೋರಿಸಿದೀರಾ? ಸೀರೆ ಅಪ್ಪಾ, ಸೀರೆ.”

ಮಾವನವರು ಮಡಿಲಿನಲ್ಲಿದ್ದ ಲಂಗ ಸುತ್ತಿದ ಕೋವಿಯನ್ನು, ಜೀಪು ಕುಲುಕಿದಾಗಲೆಲ್ಲ, ಒಂದು ಕೈಯಿಂದ ಒತ್ತಿ ಹಿಡಿದುಕೊಂಡರು. ನಾನು ಹಿಂದಿನ ಸೀಟಿನಲ್ಲಿ ಕೂತು, ನನ್ನ ಸೀರೆಗಳು ಗೆದ್ದದ್ದಕ್ಕೆ ಖುಷಿಪಡಲು ನೋಡಿದೆ. ಬರಲಿಲ್ಲ.

ಮನೆ ಸೇರಿದಾಗ ಸಂಜೆಯ ಬಿಸಿಲು ಜಗಲಿಯ ಮೆಟ್ಟಿಲ ತನಕ ಬಂದಿತ್ತು. ಮಾವನವರು ಮೆಟ್ಟಿಲಲ್ಲಿ ಕೂತು, ಕೋವಿಯನ್ನು ನನಗೆ ಕೊಡುತ್ತ, “ಎತ್ತಿಡವ್ವ, ಸೀರೆ ಪಕ್ಕ,” ಎಂದರು. ಕಣ್ಣು ನನ್ನ ಮೇಲಿರಲಿಲ್ಲ. ಯಜಮಾನರು ಶೂ ಬಿಚ್ಚುತ್ತಿದ್ದರು. ಅಷ್ಟರಲ್ಲಿ ಅನ್ನಮ್ಮ ಚೇಚ್ಚಿ ಕೀಲಿ ಕೊಡಲು ಬಂದರು, ಇನ್ನೊಂದು ಕೈಯಲ್ಲಿ ಹಸುವಿನ ಹಗ್ಗ, ನಿಲ್ಲಲು ಪುರುಸೊತ್ತಿಲ್ಲ. ಕೀಲಿಯನ್ನು ನನ್ನ ಕೈಗೆ ಹಾಕಿ, ಹಸುವನ್ನು ಎಳೆದುಕೊಂಡು ಹೋಗುತ್ತ ಹೋಗುತ್ತ ಹೇಳಿದರು:

“ಮೋಳೇ, ನಿಮ್ಮ ಕಪ್ಪದ ಹೊಲ ನೋಡು ಹೋಗು. ಮೂರು ಗಂಟೆಗೆ, ನಟ್ಟ ಹಗಲು, ಅಮ್ಮ ಹಂದಿ ಮಕ್ಕಳನ್ನೆಲ್ಲ ಕರ್ಕೊಂಡು ನಿನ್ನ ಹಸಿರು ಸೀರೆ ಅಡಿಯಿಂದ ನುಗ್ಗಿ ಎಲ್ಲ ಮಗುಚಿ ಹಾಕ್ತು. ಇಷ್ಟು ಕಾಲ ಬಾರದ್ದು... ಅಜ್ಜನ ತೋಕ್ಕು ಪೇಟೆಗೆ ಹೋಯ್ತು ಅಂತ ಅದಕ್ಕೆ ಯಾರಪ್ಪ ಹೇಳಿದ್ದು!”